ಸಿರಪ್ ಮತ್ತು ಹಾಲುಹಲ್ಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾಲ್ಕು ವರ್ಷದ ಮಗನಿಗೆ ಫಿಟ್ಸ್ ಬರದಿರಲೆಂದು ಒಂದೂವರೆ ವರ್ಷದಿಂದ ದಿನಕ್ಕೆರಡು ಸಲ ಸಿರಪ್ ಕೊಡುತ್ತಿದ್ದೇವೆ. ರಾತ್ರಿಯದನ್ನು ಮಲಗಿಸುವ ಹೊತ್ತಿಗೆ ಕುಡಿಸುತ್ತೇವೆ. ಮೇಲಿನ ಬಾಚಿಹಲ್ಲುಗಳು ಹಳದಿಯಾಗಿ, ಅಂಚು ಗಾಜಿನಂತೆ ತೆಳ್ಳಗಾಗಿದೆ. ಸಿರಪ್ ನಿಲ್ಲಿಸಬೇಕೆ?
– ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಖಂಡಿತ ನಿಲ್ಲಿಸಬೇಡಿ. ಫಿಟ್ಸ್ ಔಷಧಿಯನ್ನು ಏಕಾಏಕಿ ಬಿಟ್ಟರೆ ಫಿಟ್ಸ್ ಮರುಕಳಿಸಬಹುದು. ಬದಲಿಸಬೇಕಾದದ್ದು ಕೊಡುವ ಹೊತ್ತು ಮತ್ತು ಕೊಡುವ ರೀತಿ.

ಅನೇಕ ಸಿರಪ್‌ಗಳಲ್ಲಿ ರುಚಿಗೆ ಮತ್ತು ಕೆಡದಿರಲು ಸಿಟ್ರಿಕ್ ಆಮ್ಲ ಹಾಕಿರುತ್ತಾರೆ. ಬಾಯಿಯ ಪಿಎಚ್ (ಆಮ್ಲದ ಅಳತೆ; ಇದು ಇಳಿದಷ್ಟೂ ಆಮ್ಲ ಹೆಚ್ಚು) ಸುಮಾರು 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮೆಲ್‌ನ ಕ್ಯಾಲ್ಸಿಯಂ ಕರಗತೊಡಗುತ್ತದೆ. ಶಾಶ್ವತ ಹಲ್ಲಿಗೆ ಹೋಲಿಸಿದರೆ ಹಾಲುಹಲ್ಲಿನ ಎನಾಮೆಲ್ ತೀರಾ ತೆಳು, ಅದಕ್ಕೇ ಬೇಗ ಸವೆಯುತ್ತದೆ. ಹಗಲಿನಲ್ಲಿ ಜೊಲ್ಲು ಆಮ್ಲವನ್ನು ತೊಳೆದು, ಕಳೆದ ಕ್ಯಾಲ್ಸಿಯಂನಲ್ಲಿ ಒಂದಿಷ್ಟನ್ನು ಹಿಂದಿರುಗಿಸುತ್ತದೆ. ನಿದ್ದೆಯಲ್ಲಿ ಜೊಲ್ಲು ಸುರಿಯುವುದು ಬಹಳ ಕಡಿಮೆ. ಮಲಗುವಾಗ ಕುಡಿಸಿದ ಅಂಟು ಸಿರಪ್ ಹಲ್ಲಿನ ಮೇಲೆ ಬಹಳ ಹೊತ್ತು ಉಳಿಯುವುದು ಹೀಗೆ.

ರಾತ್ರಿಯ ಡೋಸನ್ನು ಊಟದ ಜೊತೆಗೆ ತನ್ನಿ. ಬೆಳಿಗ್ಗೆ ಏಳೂವರೆ, ಸಂಜೆ ಏಳೂವರೆ ಎಂದಿಟ್ಟುಕೊಂಡರೆ 12 ಗಂಟೆಯ ಅಂತರವೂ ತಪ್ಪುವುದಿಲ್ಲ. ಊಟದ ಜೊತೆ ಕೊಡಬಹುದೇ ಎಂದು ಮಾತ್ರ ನಿಮ್ಮ ವೈದ್ಯರನ್ನು ಮೊದಲೇ ಕೇಳಿಕೊಳ್ಳಿ. ಚಮಚದಲ್ಲಿ ಕುಡಿಸಿದರೆ ಔಷಧಿ ಮೊದಲು ತಾಗುವುದೇ ಬಾಚಿಹಲ್ಲಿಗೆ. ಸೂಜಿಯಿಲ್ಲದ 5 ಎಂ.ಎಲ್. ಸಿರಿಂಜ್ ತಂದು, ಮಗುವನ್ನು ಕೂರಿಸಿ, ತುದಿಯನ್ನು ಕೆನ್ನೆಯ ಒಳಗೆ ಹಿಂದಕ್ಕೆ ಸರಿಸಿ, ಒಂದೊಂದೇ ಎಂ.ಎಲ್. ಬಿಡಿ. ನುಂಗಿದ ಮೇಲೆ ಮುಂದಿನದು. ಗಂಟಲಿಗೆ ನೇರವಾಗಿ ಚಿಮ್ಮಿಸಿದರೆ ನೆತ್ತಿಗೇರುತ್ತದೆ. ಆಮೇಲೆ ಎರಡು-ಮೂರು ಗುಟುಕು ನೀರು. ಕಹಿ ಹೋಗಲೆಂದು ಜ್ಯೂಸ್ ಕೊಟ್ಟರೆ ಆಮ್ಲದ ಮೇಲೆ ಆಮ್ಲ ಸುರಿದಂತೆ.

ಹೆಚ್ಚಿನವರು ಎಡವುವುದು ಇಲ್ಲಿ: ಸಿರಪ್ ಕುಡಿಸಿದ ಕೂಡಲೇ ಹಲ್ಲುಜ್ಜಿಸುತ್ತಾರೆ. ಆಗ ಎನಾಮೆಲ್‌ನ ಮೇಲ್ಮೈ ಮೆತ್ತಗಾಗಿರುತ್ತದೆ, ಬ್ರಷ್ ಅದನ್ನೇ ಕೆರೆದು ಹಾಕುತ್ತದೆ. ಅರ್ಧದಿಂದ ಒಂದು ಗಂಟೆ ಬಿಟ್ಟು ಉಜ್ಜಿಸಿ, ನಂತರ ನೀರು ಬಿಟ್ಟು ಬೇರೇನೂ ಬೇಡ. ಔಷಧಿಯನ್ನು ಮಲಗುವಾಗಲೇ ಕೊಡಬೇಕಿದ್ದರೆ ಉಜ್ಜುವುದನ್ನು ಔಷಧಿಗೆ ಮೊದಲೇ ಮುಗಿಸಿ. ಪೇಸ್ಟ್ ಟ್ಯೂಬಿನ ಮೇಲೆ 1000 ಪಿಪಿಎಂ ಫ್ಲೋರೈಡ್ ಎಂದಿರಲಿ. 3 ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, 3ರಿಂದ 6ರವರೆಗೆ ಬಟಾಣಿಯಷ್ಟು ಸಾಕು. ಪಾವಗಡ, ಮುಂಡರಗಿಯ ಕಡೆಯಂತೆ ಕೊಳವೆಬಾವಿ ನೀರಿನಲ್ಲೇ ಫ್ಲೋರೈಡ್ ಹೆಚ್ಚಿರುವ ಊರುಗಳವರು ಪೇಸ್ಟ್ ಬಗ್ಗೆ ದಂತವೈದ್ಯರನ್ನು ಕೇಳಿಯೇ ಮುಂದುವರಿಯಿರಿ.

ಸವೆದ ಎನಾಮೆಲ್ ಮತ್ತೆ ಬೆಳೆಯದು. ಅಂಚು ಗಾಜಿನಂತಾಗಿದೆ ಎಂದರೆ ದಂತವೈದ್ಯರಿಗೆ ಈಗಲೇ ತೋರಿಸಿ, ಸಿರಪ್ ಬಾಟಲಿಯನ್ನೂ ಜೊತೆಗೆ ಒಯ್ಯಿರಿ. ಉಳಿದ ಪದರವನ್ನು ಗಟ್ಟಿ ಮಾಡಲು ಅವರು ಫ್ಲೋರೈಡ್ ವಾರ್ನಿಷ್ ಹಚ್ಚಬಹುದು.

ಪ್ರಶ್ನೆ: ಶುಗರ್ ಫ್ರೀ ಸಿರಪ್ ತಂದರೆ ಈ ತೊಂದರೆಯೇ ಇರುವುದಿಲ್ಲವೇ?
– ಒಬ್ಬ ಓದುಗರು, ಧಾರವಾಡ

ಉತ್ತರ: ಅರ್ಧ ತೊಂದರೆ ತಪ್ಪುತ್ತದೆ. ಸಕ್ಕರೆಯಿಂದ ಆಗುವುದು ಹುಳುಕು. ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಮ್ಲ ಬಿಡುತ್ತದೆ. ಸಿರಪ್‌ನಲ್ಲೇ ಇರುವ ಆಮ್ಲದಿಂದ ಆಗುವುದು ಸವೆತ. ಅದಕ್ಕೆ ಬ್ಯಾಕ್ಟೀರಿಯಾ ಬೇಕಿಲ್ಲ. ತುಟಿ ಎತ್ತಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ: ಒಸಡಿನಂಚಿನಲ್ಲಿ ಸುಣ್ಣ ಬಳಿದಂತಹ ಬಿಳಿ ಗೆರೆ ಇದ್ದರೆ ಹುಳುಕಿನ ಆರಂಭ, ಹಲ್ಲು ನುಣುಪಾಗಿ ಹೊಳೆಯುತ್ತ ಹಳದಿಗೆ ತಿರುಗಿದ್ದರೆ, ದವಡೆಹಲ್ಲಿನ ತುದಿಗಳಲ್ಲಿ ಸಣ್ಣ ಗುಳಿ ಬಿದ್ದಿದ್ದರೆ ಸವೆತ. ಎರಡೂ ಒಟ್ಟಿಗೆ ಇರಬಹುದು. ಲೇಬಲ್‌ನಲ್ಲಿ ‘ಫ್ಲೇವರ್ಡ್ ಸಿರಪಿ ಬೇಸ್’ ಎಂದಷ್ಟೇ ಬರೆದಿದ್ದರೆ ಸಕ್ಕರೆ ಇದೆಯೆಂದೇ ಎಣಿಸಿ. ಶುಗರ್ ಫ್ರೀಯಲ್ಲಿ ಹಾಕುವ ಸಾರ್ಬಿಟಾಲ್ ಹೆಚ್ಚಾದರೆ ಕೆಲವು ಮಕ್ಕಳಿಗೆ ಭೇದಿಯಾಗುತ್ತದೆ.

ಕೆಲವು ಔಷಧಿಗಳು ನೀರಿನಲ್ಲಿ ಕರಗುವ ಡಿಟಿ ಮಾತ್ರೆಯಾಗಿಯೂ ಸಿಗುತ್ತವೆ. ಅಮಾಕ್ಸಿಸಿಲಿನ್ ಅಂಥದೊಂದು. ವೈದ್ಯರನ್ನು ಕೇಳಿ ನೋಡಿ. ಬೇರೆ ಮಾತ್ರೆಗಳನ್ನು ನೀವಾಗಿಯೇ ಪುಡಿ ಮಾಡಬೇಡಿ; ನಿಧಾನವಾಗಿ ಕರಗಬೇಕಾದದ್ದು ಒಮ್ಮೆಲೇ ಒಳಹೋಗುತ್ತದೆ. ಇನ್ನು ಕೆಮ್ಮು-ನೆಗಡಿಯ ಸಿರಪ್‌ಗಳು. 2 ವರ್ಷದೊಳಗಿನ ಮಕ್ಕಳಿಗೆ ಅವು ಬೇಡವೆಂದು ಕೇಂದ್ರ ಸರ್ಕಾರ 2025ರ ಅಕ್ಟೋಬರ್‌ನಲ್ಲಿ ಸೂಚಿಸಿದೆ. ಹಲ್ಲಿನ ಮಾತು ಅಲ್ಲಿ ಏಳುವುದೇ ಇಲ್ಲ.

ಪ್ರಶ್ನೆ: ಅಂಗನವಾಡಿಯಿಂದ ಕೊಟ್ಟ ಕಬ್ಬಿಣದ ಸಿರಪ್‌ನಿಂದ ಮಗಳ ಹಲ್ಲು ಕಪ್ಪಾಗಿದೆ. ಹಲ್ಲು ಹಾಳಾಯಿತೇ?
– ಒಬ್ಬ ಅಜ್ಜಿ, ಕಲಬುರಗಿ

ಉತ್ತರ: ಸಾಮಾನ್ಯವಾಗಿ ಅದು ಬರೀ ಕಲೆ, ದಂತವೈದ್ಯರು ಪಾಲಿಶ್ ಮಾಡಿದರೆ ಹೋಗುತ್ತದೆ. ವಾರಕ್ಕೆರಡು ಬಾರಿಯ 1 ಎಂ.ಎಲ್. ತಪ್ಪಿಸಬೇಡಿ. ನಾಲಿಗೆಯ ಹಿಂಭಾಗಕ್ಕೆ ಹನಿಸಿ ನೀರು ಕುಡಿಸಿ. ಕಬ್ಬಿಣ ಚೆನ್ನಾಗಿ ಹಿಡಿಯಲೆಂದು ನಿಂಬೆರಸ ಬೆರೆಸುವುದು ಬೇಡ, ಆಮ್ಲ ಹೆಚ್ಚುತ್ತದೆ. ಸೀಬೆಹಣ್ಣಿನ ಹೋಳನ್ನು ಊಟದ ಜೊತೆಗೆ ತಿನ್ನಿಸಿದರೂ ಆ ಕೆಲಸವಾಗುತ್ತದೆ.

ಪ್ರಶ್ನೆ: ಎಂಟು ತಿಂಗಳ ಕೂಸಿಗೆ ಔಷಧಿಯನ್ನು ಜೇನಿನಲ್ಲಿ ತೇಯ್ದು ನೆಕ್ಕಿಸಬಹುದೇ?
– ಒಬ್ಬ ಓದುಗರು, ಪುತ್ತೂರು

ಉತ್ತರ: ಬೇಡ. ಒಂದು ವರ್ಷ ತುಂಬುವವರೆಗೆ ಜೇನು ಕೊಡಲೇಬಾರದು, ಬಾಟುಲಿಸಂ ಎಂಬ ವಿಷಬಾಧೆಯ ಅಪಾಯವಿದೆ. ಹಾಲಿನ ಬಾಟಲಿಗೂ ಔಷಧಿ ಸೇರಿಸಬೇಡಿ. ಕೂಸು ಅರ್ಧಕ್ಕೇ ಬಿಟ್ಟರೆ ಡೋಸ್ ಎಷ್ಟು ಹೋಯಿತೆಂದೇ ತಿಳಿಯದು. ಅಳೆದ ಔಷಧಿಯನ್ನು ಸಿರಿಂಜ್‌ನಿಂದಲೋ ಒಳಲೆಯಿಂದಲೋ ಕುಡಿಸಿ, ಮೂಡಿರುವ ಹಲ್ಲನ್ನು ಒದ್ದೆ ಬಟ್ಟೆಯಿಂದ ಮೆಲ್ಲಗೆ ಒರೆಸಿ.