ಬುದ್ಧಿ ಹಲ್ಲು ತೆಗೆಸಿದ ಮೇಲೆ ನೋವು: ಗಡಿಯಾರ ನೋಡಿ ಮಾತ್ರೆ ತಗೊಳ್ಳಿ

ನಾಳಿದ್ದು ಕೆಳಗಿನ ಎರಡೂ ಬುದ್ಧಿ ಹಲ್ಲು ತೆಗೆಸುತ್ತಿದ್ದೀರಿ. ಮನೆಗೆ ಬಂದ ಮೇಲೆ ನೋವು ಹೇಗೆ ತಡೆದುಕೊಳ್ಳೋದು, ಕೊಳಲು ಮತ್ತೆ ಯಾವಾಗ ಹಿಡಿಯಬಹುದು ಅಂತ ಕೇಳಿದ್ದೀರಿ. ಇದು ಕೊಳಲಿನ ಗುಂಪು, ಹಲ್ಲಿನದ್ದಲ್ಲ, ನಿಜ. ಆದರೆ ಊದುವವರಿಗೆ ಈ ವಿಷಯದಲ್ಲಿ ಬೇರೆಯದೇ ತೊಡಕಿದೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಎರಡು ಕಂತಿನಲ್ಲಿ ನಾಲ್ಕು ಹಲ್ಲು ತೆಗೆಸಿಕೊಂಡವಳು, ಅಷ್ಟೇ. ಮೊದಲ ಸಲ ಒದ್ದಾಡಿಬಿಟ್ಟೆ, ಎರಡನೇ ಸಲ ಆರಾಮಾಗಿ ಮುಗಿಯಿತು.

ಮೊದಲ ಸಲ ಮಾಡಿದ ದೊಡ್ಡ ತಪ್ಪು ಒಂದೇ. ನೋವು ಬರಲಿ, ಆಮೇಲೆ ಮಾತ್ರೆ ನುಂಗೋಣ ಅಂತ ಕಾದೆ. ಕ್ಲಿನಿಕ್‌ನಿಂದ ಹೊರಟಾಗ ತುಟಿ, ನಾಲಿಗೆ ಎಲ್ಲ ಜೋಮು. ಇಷ್ಟೇನಾ ಅಂದುಕೊಂಡೆ. ಮಾತ್ರೆ ಚೀಟಿ ಸಮೇತ ಬ್ಯಾಗಲ್ಲೇ ಉಳಿಯಿತು. ಸಂಜೆ ತುಟಿ ಮೇಲೆ ಇರುವೆ ಹರಿದ ಹಾಗಾಯಿತು. ಅದಾಗಿ ಅರ್ಧ ಗಂಟೆಗೆ ದವಡೆಯೊಳಗೆ ಯಾರೋ ಸುತ್ತಿಗೆ ಹಿಡಿದು ಕೂತ ಹಾಗೆ ಹೊಡೆತ ಶುರು. ಆಗ ಓಡಿಹೋಗಿ ಮಾತ್ರೆ ನುಂಗಿದೆ. ಅದು ಕೆಲಸ ಮಾಡಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟೂ ಹೊತ್ತು ತಣ್ಣಗಿನ ಗೋಡೆಗೆ ಕೆನ್ನೆ ಒತ್ತಿಕೊಂಡು ನಿಂತಿದ್ದೆ.

ಜೋಮಿನ ಇಂಜೆಕ್ಷನ್ ಸಾಮಾನ್ಯವಾಗಿ 3ರಿಂದ 5 ಗಂಟೆಯಲ್ಲಿ ಇಳಿಯುತ್ತದೆ. ಮೊದಲ ಡೋಸ್ ಅದಕ್ಕಿಂತ ಮುಂಚೆಯೇ ಹೊಟ್ಟೆಗೆ ಹೋಗಿರಬೇಕು. ಗಾಯವಾದ ಜಾಗದಲ್ಲಿ ಪ್ರೋಸ್ಟಗ್ಲಾಂಡಿನ್ ಅನ್ನೋ ರಾಸಾಯನಿಕ ತಯಾರಾಗುತ್ತದೆ. ಊತಕ್ಕೂ ನೋವಿಗೂ ಅದರದ್ದೇ ದೊಡ್ಡ ಕೈವಾಡ. ಐಬುಪ್ರೊಫೆನ್ ಅದರ ತಯಾರಿಯನ್ನು ತಡೆಯುತ್ತದೆ, ಆಗಲೇ ತಯಾರಾಗಿ ಕೂತಿರುವುದನ್ನು ವಾಪಸ್ ತೆಗೆಯುವುದಿಲ್ಲ. ಹಾಗಾಗಿ ತಡವಾದಷ್ಟೂ ನಿಮಗೇ ನಷ್ಟ.

ಯಾವ ಮಾತ್ರೆ? ನಿಮ್ಮ ಡಾಕ್ಟರ್ ಬರೆದುಕೊಟ್ಟಿದ್ದೇ ಮೊದಲು. ಸಾಮಾನ್ಯವಾಗಿ ಐಬುಪ್ರೊಫೆನ್ ಮತ್ತು ಪ್ಯಾರಾಸಿಟಮಾಲ್ ಜೋಡಿ ಇರುತ್ತದೆ. ಸಾದಾ ಮಾತ್ರೆ ಅಂತ ಮೂಗು ಮುರಿಯಬೇಡಿ. ಒಂದು ತಮಾಷೆ ಗೊತ್ತಾ? ನೋವಿನ ಮಾತ್ರೆಗಳನ್ನು ಪರೀಕ್ಷೆ ಮಾಡುವವರು ಹುಡುಕುವುದೇ ಬುದ್ಧಿ ಹಲ್ಲು ತೆಗೆಸಿದವರನ್ನು. ಹೆಚ್ಚಿನವರು ವಯಸ್ಸಲ್ಲಿ ಚಿಕ್ಕವರು, ಬೇರೆ ಕಾಯಿಲೆ ಇರುವುದಿಲ್ಲ, ನೋವು ಯಾವಾಗ ಬರುತ್ತದೆ ಅಂತ ಮೊದಲೇ ಗೊತ್ತು. ಹಾಗಾಗಿ ನಮ್ಮ ಈ ನೋವಿನ ಮೇಲೆ ಮಾತ್ರೆಗಳನ್ನು ಚೆನ್ನಾಗಿಯೇ ತೂಗಿ ನೋಡಿದ್ದಾರೆ. ಹಲವು ಪರೀಕ್ಷೆಗಳನ್ನು ಒಟ್ಟಿಗೆ ಸೇರಿಸಿ ತೂಗುವ ಕೊಕ್ರೇನ್ ಅನ್ನೋ ಸಂಸ್ಥೆಯ 2013ರ ವಿಮರ್ಶೆಯಲ್ಲಿ 400 ಮಿಲಿಗ್ರಾಂ ಐಬುಪ್ರೊಫೆನ್ 1000 ಮಿಲಿಗ್ರಾಂ ಪ್ಯಾರಾಸಿಟಮಾಲ್‌ಗಿಂತ ಮೇಲು ಅಂತ ಬಂತು. 2024ರಲ್ಲಿ ಅಮೆರಿಕನ್ ಡೆಂಟಲ್ ಅಸೋಸಿಯೇಷನ್ ಕೂಡ ಐಬುಪ್ರೊಫೆನ್ ಥರದ ಮಾತ್ರೆ, ಬೇಕಾದರೆ ಜೊತೆಗೆ ಪ್ಯಾರಾಸಿಟಮಾಲ್, ಇದೇ ಮೊದಲ ಆಯ್ಕೆ ಅಂತ ಹೇಳಿತು. ಅಫೀಮಿನ ವಂಶದ ಗಟ್ಟಿ ಮಾತ್ರೆಗಳು ಆಮೇಲಿನ ಮಾತು. ಅವು ತಲೆ ತಿರುಗಿಸುತ್ತವೆ, ವಾಂತಿ ತರಿಸುತ್ತವೆ, ಮಲ ಕಟ್ಟಿಸುತ್ತವೆ.

ಎರಡನೇ ಸಲ ನಾನು ಒಂದು ಹಾಳೆ ಮೇಲೆ ಗಂಟೆ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದೆ. ಬೆಳಿಗ್ಗೆ 6, ಮಧ್ಯಾಹ್ನ 2, ರಾತ್ರಿ 10ಕ್ಕೆ ಐಬುಪ್ರೊಫೆನ್ 400. ನಡುವೆ ಬೆಳಿಗ್ಗೆ 10, ಸಂಜೆ 6, ರಾತ್ರಿ 2ಕ್ಕೆ ಪ್ಯಾರಾಸಿಟಮಾಲ್ 1000. ಅಂದರೆ ನಾಲ್ಕು ಗಂಟೆಗೊಂದು. ನುಂಗಿದ ತಕ್ಷಣ ಪೆನ್ಸಿಲ್‌ನಲ್ಲಿ ಒಂದು ಗೀಟು. ಇದು ಅತಿಯಾಯಿತು ಅನ್ನಿಸಬಹುದು. ಆದರೆ ನಿದ್ದೆಗಣ್ಣಲ್ಲಿ ‘ಆಗಲೇ ನುಂಗಿದ್ನಾ ಇಲ್ವಾ’ ಅನ್ನೋ ಅನುಮಾನ ಬಂದಾಗ ಆ ಗೀಟೇ ಗತಿ. ರಾತ್ರಿ 2ರದ್ದಕ್ಕೆ ಅಲಾರಂ ಇಟ್ಟಿದ್ದು ಮೊದಲ ಎರಡು ರಾತ್ರಿ ಮಾತ್ರ. ಮೂರನೇ ದಿನದಿಂದ ನೋವು ನೋಡಿಕೊಂಡು ಒಂದೊಂದೇ ಬಿಟ್ಟೆ.

ಲೆಕ್ಕ ಮಾತ್ರ ತಪ್ಪಬಾರದು. ಆರೋಗ್ಯವಾಗಿರುವ ದೊಡ್ಡವರಿಗೂ 24 ಗಂಟೆಯಲ್ಲಿ ಪ್ಯಾರಾಸಿಟಮಾಲ್ 4000 ಮಿಲಿಗ್ರಾಂ ದಾಟುವಂತಿಲ್ಲ. ದಾಟಿದರೆ ಲಿವರ್‌ಗೆ ಪೆಟ್ಟು. ಡಾಕ್ಟರ್ ಹೇಳದೆ ಐಬುಪ್ರೊಫೆನ್ 1200 ದಾಟಬೇಡಿ. ಶೀತ ಜ್ವರದ ಎಷ್ಟೋ ಮಾತ್ರೆಗಳಲ್ಲಿ ಪ್ಯಾರಾಸಿಟಮಾಲ್ ಸುಮ್ನೆ ಅಡಗಿ ಕೂತಿರುತ್ತದೆ, ಎರಡೂ ಸೇರಿಸಿ ಒಂದೇ ಮಾತ್ರೆ ಮಾಡಿದ್ದೂ ಇದೆ. ಹಾಗಾಗಿ ಪಟ್ಟಿಯ ಹಿಂದಿನ ಸಣ್ಣ ಅಕ್ಷರ ಓದಿ. ಐಬುಪ್ರೊಫೆನ್ ಖಾಲಿ ಹೊಟ್ಟೆಗೆ ಬೇಡ. ಹೊಟ್ಟೆಹುಣ್ಣು, ಕಿಡ್ನಿ ಅಥವಾ ಹೃದಯದ ತೊಂದರೆ ಇದ್ದರೆ, ನೋವಿನ ಮಾತ್ರೆಗೆ ಉಬ್ಬಸ ಬರುವವರಾದರೆ, ರಕ್ತ ತೆಳು ಮಾಡುವ ಮಾತ್ರೆ ತಗೊಳ್ತಿದ್ದರೆ, ಬಸುರಿಯಾಗಿದ್ದರೆ, ಡಾಕ್ಟರನ್ನು ಕೇಳದೆ ಅದನ್ನು ಮುಟ್ಟಲೇಬೇಡಿ. ಲಿವರ್ ತೊಂದರೆ ಇದ್ದವರಿಗೆ ಪ್ಯಾರಾಸಿಟಮಾಲ್ ಲೆಕ್ಕವೂ ಬೇರೆ. ನೋವಿಗೆ ಅಂತ ಆಸ್ಪಿರಿನ್ ಬೇಡ, ರಕ್ತ ನಿಲ್ಲುವುದು ತಡವಾಗುತ್ತದೆ. ಆದರೆ ಹೃದಯಕ್ಕೆ ಅಂತ ಡಾಕ್ಟರ್ ಬರೆದ ಆಸ್ಪಿರಿನ್ ಇದ್ದರೆ ನೀವಾಗಿ ನಿಲ್ಲಿಸಬೇಡಿ. ಮಾತ್ರೆಯನ್ನು ವಸಡಿನ ಮೇಲೆ ಇಟ್ಟುಕೊಳ್ಳುವವರೂ ಇದ್ದಾರೆ. ಅದು ಚರ್ಮ ಸುಡುತ್ತದೆ. ಹಸಿ ಗಾಯಕ್ಕೆ ಲವಂಗದ ಎಣ್ಣೆ ಸುರಿಯುವುದೂ ಅದೇ ಜಾತಿಯ ಸಾಹಸ. ಆಂಟಿಬಯಾಟಿಕ್ ಕೊಟ್ಟಿದ್ದರೆ ಹೇಳಿದಷ್ಟು ದಿನ ತಗೊಳ್ಳಿ, ಆದರೆ ಅದು ನೋವಿನ ಮಾತ್ರೆ ಅಲ್ಲ.

ಮಂಜುಗಡ್ಡೆ ಮೊದಲ 24ರಿಂದ 48 ಗಂಟೆಗೆ. ಬಟ್ಟೆಯಲ್ಲಿ ಸುತ್ತಿ ಕೆನ್ನೆ ಮೇಲೆ 15–20 ನಿಮಿಷ, ಆಮೇಲೆ ಅಷ್ಟೇ ಹೊತ್ತು ಬಿಡುವು. ಎರಡು ದಿನ ಆದ ಮೇಲೆ ಬಿಸಿ ಬಟ್ಟೆ ಶಾಖ ಹಿತ, ಬಿಗಿದ ದವಡೆ ಸಡಿಲವಾಗುತ್ತದೆ. ಊತ ಎರಡನೇ ಮೂರನೇ ದಿನ ಜಾಸ್ತಿ. ಕನ್ನಡಿ ನೋಡಿ ಗಾಬರಿಯಾಗಬೇಡಿ. ಮಲಗುವಾಗ ತಲೆಗೆ ಎರಡು ದಿಂಬು. ಚಪ್ಪಟೆ ಮಲಗಿದರೆ ಹೊಡೆತ ಜಾಸ್ತಿಯಾಗುತ್ತದೆ. ನಾನು ಮೊದಲ ರಾತ್ರಿ ಕುರ್ಚಿಯಲ್ಲೇ ಒರಗಿ ನಿದ್ದೆ ಮಾಡಿದೆ.

ಇನ್ನು ಹೆಪ್ಪಿನ ವಿಷಯ. ಹಲ್ಲು ಕಿತ್ತ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಮೂಳೆಗೂ ನರಕ್ಕೂ ಅದೇ ಮುಚ್ಚಳ. ಅದು ಕಿತ್ತು ಬಂದರೆ ಅಥವಾ ಕರಗಿದರೆ ಡ್ರೈ ಸಾಕೆಟ್ ಅಂತಾರೆ. ಸಾಮಾನ್ಯ ನೋವು ದಿನದಿಂದ ದಿನಕ್ಕೆ ಇಳಿಯುತ್ತದೆ. ಇದು ಹಾಗಲ್ಲ. ಎರಡು ದಿನ ಇಳಿದ ನೋವು ಮೂರನೇ ನಾಲ್ಕನೇ ದಿನ ತಿರುಗಿ ಏರುತ್ತದೆ. ಕಿವಿಯವರೆಗೂ ಸೆಳೆತ, ಬಾಯಲ್ಲಿ ಕೆಟ್ಟ ರುಚಿ, ಕೆಟ್ಟ ವಾಸನೆ. ಮಾತ್ರೆಗೆ ಜಗ್ಗುವುದಿಲ್ಲ. ಮನೆಯಲ್ಲಿ ಒದ್ದಾಡಬೇಡಿ. ಡಾಕ್ಟರ್ ಗುಳಿ ತೊಳೆದು ಔಷಧಿ ಪಟ್ಟಿ ಇಡುತ್ತಾರೆ, ಸಾಮಾನ್ಯವಾಗಿ ಬೇಗನೇ ಹಾಯೆನಿಸುತ್ತದೆ. ಬೇರೆ ಹಲ್ಲುಗಳಿಗಿಂತ ಕೆಳಗಿನ ಬುದ್ಧಿ ಹಲ್ಲಿನಲ್ಲಿ ಇದು ಜಾಸ್ತಿ. ಸಿಗರೇಟು ಸೇದುವವರಿಗೆ, ಗರ್ಭನಿರೋಧಕ ಮಾತ್ರೆ ತಗೊಳ್ಳುವವರಿಗೆ ಇನ್ನೂ ಸ್ವಲ್ಪ ಜಾಸ್ತಿ. ಗುಳಿಯ ಮೇಲೆ ಬಿಳಿ ಹಳದಿ ಪೊರೆ ಕಂಡರೆ ಕೀವು ಅಂತ ಕೆರೆಯಬೇಡಿ. ಮಾಯುವಾಗ ಹಾಗೇ ಇರುತ್ತದೆ.

ಹೆಪ್ಪು ಉಳಿಸಿಕೊಳ್ಳುವುದು ಹೇಗೆ? ಗುಳಿಯ ಮೇಲೆ ಇಡುವ ಗಾಜ್ ಅನ್ನೋ ತೆಳು ಹತ್ತಿ ಬಟ್ಟೆಯನ್ನು ಡಾಕ್ಟರ್ ಹೇಳಿದಷ್ಟು ಹೊತ್ತು, ಸುಮಾರು ಅರ್ಧ ಮುಕ್ಕಾಲು ಗಂಟೆ, ಗಟ್ಟಿಯಾಗಿ ಕಚ್ಚಿ ಹಿಡಿಯಿರಿ. ನಿಂತಿತಾ ಅಂತ ಐದೈದು ನಿಮಿಷಕ್ಕೆ ತೆಗೆದು ನೋಡುವುದೇ ಎಲ್ಲರ ಚಟ, ಅದನ್ನು ಬಿಡಿ. ಮೊದಲ ದಿನ ಎಂಜಲು ಕೆಂಪಗಿದ್ದರೆ ಪರವಾಗಿಲ್ಲ. ಉಗುಳಬೇಡಿ, ಬಾಯಿ ಮುಕ್ಕಳಿಸಬೇಡಿ, ಸ್ಟ್ರಾ ಹಾಕಿ ಹೀರಬೇಡಿ. ಕನಿಷ್ಠ ಮೂರು ದಿನ ಸಿಗರೇಟು ಬೇಡ. ಹೆಂಡವೂ ಬೇಡ, ಮಾತ್ರೆ ಜೊತೆಗಂತೂ ಬೇಡವೇ ಬೇಡ. 24 ಗಂಟೆ ಕಳೆದ ಮೇಲೆ ಒಂದು ಲೋಟ ಉಗುರು ಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ, ಪ್ರತಿ ಊಟದ ನಂತರ ಬಾಯಲ್ಲಿ ಹಿಡಿಯಿರಿ. ತಲೆ ಆ ಕಡೆ ಈ ಕಡೆ ವಾಲಿಸಿದರೆ ಸಾಕು. ಆಮೇಲೆ ಬೇಸಿನ್ ಮೇಲೆ ಬಗ್ಗಿ ಬಾಯಿ ತೆರೆಯಿರಿ, ನೀರು ತಾನಾಗೇ ಬೀಳಲಿ. ಊಟ ಮೆತ್ತಗೆ, ತಣ್ಣಗೆ ಅಥವಾ ಉಗುರು ಬೆಚ್ಚಗೆ ಇರಲಿ. ಜೋಮು ಇಳಿಯುವವರೆಗೆ ಅಗಿಯುವುದು ಬೇಡ, ಕೆನ್ನೆ ಕಚ್ಚಿಕೊಂಡರೂ ಗೊತ್ತಾಗುವುದಿಲ್ಲ.

ಈಗ ಕೊಳಲು. ಊದುವಾಗ ಬಾಯೊಳಗೆ ಒತ್ತಡ ಏರುತ್ತದೆ, ಕೆನ್ನೆ ತುಟಿ ಬಿಗಿಯಾಗುತ್ತವೆ. ಹೀರಿದರೂ ಊದಿದರೂ ಹೆಪ್ಪಿಗೆ ಕಷ್ಟವೇ. ನನಗೆ ಎರಡು ವಾರ ಬೇಡ ಅಂದಿದ್ದರು. ನಿಮ್ಮ ಡಾಕ್ಟರಿಗೆ ಕೊಳಲು ಊದುತ್ತೇನೆ ಅಂತ ಮೊದಲೇ ಹೇಳಿ, ಅವರಾಗಿ ಕೇಳುವುದಿಲ್ಲ. ಮೇಲಿನ ಹಲ್ಲು ತೆಗೆಸುವಾಗ ಇದು ಇನ್ನೂ ಮುಖ್ಯ, ಯಾಕೆಂದರೆ ಅದರ ಬೇರಿನ ಮೇಲೇ ಸೈನಸ್, ಅಂದರೆ ಮೂಗಿಗೆ ಸೇರುವ ಗಾಳಿಯ ಟೊಳ್ಳು, ಇದೆ. ಆಗ ಮೂಗು ಸೀಟುವುದೂ ಬೇಡ, ಸೀನು ಬಂದರೆ ಬಾಯಿ ತೆರೆದು ಸೀನಿ. ಆ ಎರಡು ವಾರ ನಾನು ಸುಮ್ನೆ ಬೆರಳಾಡಿಸಿಕೊಂಡು ಕೂತೆ. ಕೊಳಲು ತುಟಿಗೆ ತಾಗಿಸದೆ, ಗಂಟಲಲ್ಲಿ ಮೆಲ್ಲಗೆ ಗುನುಗುತ್ತಾ. ತಿರುಗಿ ಊದಿದ ಮೊದಲ ದಿನ ಐದೇ ನಿಮಿಷ, ಅದೂ ಮಧ್ಯದ ಸ್ವರಗಳು ಮಾತ್ರ. ದವಡೆ ಸೆಳೆಯಿತು, ಎತ್ತಿಟ್ಟೆ.

ಇವು ಕಂಡರೆ ಮಾತ್ರ ಕಾಯಬೇಡಿ: ಅರ್ಧ ಗಂಟೆ ಗಟ್ಟಿಯಾಗಿ ಒತ್ತಿ ಹಿಡಿದರೂ ನಿಲ್ಲದ ರಕ್ತ, 38 ಡಿಗ್ರಿ ಸೆಲ್ಸಿಯಸ್ ದಾಟಿದ ಜ್ವರ, ಮೂರು ದಿನದ ಮೇಲೂ ಏರುತ್ತಿರುವ ಊತ, ಮಾರನೇ ದಿನವೂ ಬಿಡದ ತುಟಿ ನಾಲಿಗೆಯ ಜೋಮು. ಇವಕ್ಕೆ ಡಾಕ್ಟರಿಗೆ ಫೋನ್ ಮಾಡಿ. ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಫೋನೂ ಬೇಡ, ನೇರ ಆಸ್ಪತ್ರೆಗೆ ಹೋಗಿ.

ನಾಳೆಯೇ ಮಾತ್ರೆ, ಗಾಜ್, ಮಂಜುಗಡ್ಡೆ ಎಲ್ಲ ತಂದಿಡಿ. ಜೋಮು ಹಿಡಿದ ಬಾಯಲ್ಲಿ ಅಂಗಡಿಯವರ ಹತ್ತಿರ ಮಾತಾಡುವುದು ಒಂದು ಸರ್ಕಸ್. ರಾತ್ರಿ ಹೊತ್ತು ಯಾವ ನಂಬರಿಗೆ ಫೋನ್ ಮಾಡಬೇಕು ಅಂತ ಕ್ಲಿನಿಕ್‌ನಲ್ಲೇ ಕೇಳಿ, ಮಾತ್ರೆ ಗಂಟೆ ಬರೆದ ಅದೇ ಹಾಳೆಯ ಮೇಲೆ ಬರೆದುಕೊಳ್ಳಿ.