ಫೋನ್ ಕದ್ದು ಕೇಳುವವರಿಗಿಂತ ಝೆರಾಕ್ಸ್ ಅಂಗಡಿಯ ಚಿಂತೆ ಜಾಸ್ತಿ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯದ್ದು. ಸರ್ಕಾರಕ್ಕೆ ನಮ್ಮ ಬಗ್ಗೆ ಎಷ್ಟು ಗೊತ್ತು, ಅದರಲ್ಲಿ ಎಷ್ಟನ್ನು ನಾವು ತಡೆಯಬಹುದು? ಐದು ಪತ್ರ ಆರಿಸಿದ್ದೇನೆ. ಬರೆದವರ ಹೆಸರು ಹಾಕಿಲ್ಲ. ಈ ವಿಷಯ ಕೇಳಿದವರ ಹೆಸರನ್ನೇ ಅಚ್ಚು ಹಾಕಿದರೆ ನಗೆಪಾಟಲು, ಅಲ್ವಾ?

ಪ್ರಶ್ನೆ: ನಾನು ಸೇನೆಯಲ್ಲಿ ಸುಬೇದಾರ್ ಆಗಿದ್ದು ನಿವೃತ್ತನಾದವನು. ಕೊಡಗಿನ ಕಕ್ಕಬ್ಬೆ ಕಡೆ ತೋಟ. ನಮಗೆ ಸಿಗುವುದು ಬಿಎಸ್‌ಎನ್‌ಎಲ್ ಒಂದೇ, ಅದೂ ಕಾಫಿ ಕಣದ ಮೂಲೆಯಲ್ಲಿ ನಿಂತರೆ. ಅದು ಸರ್ಕಾರದ್ದೇ ಕಂಪನಿ. ಹಾಗಾದರೆ ನಮ್ಮ ಮಾತು, ವಾಟ್ಸಾಪ್ ಎಲ್ಲ ಸರ್ಕಾರದವರು ನೋಡುತ್ತಾರಾ? ಮಗ ವಿಪಿಎನ್ ಹಾಕಿ ಅನ್ನುತ್ತಾನೆ.

ಸುಬೇದಾರ್ ಸಾಹೇಬರೇ, ಈ ವಿಷಯದಲ್ಲಿ ಬಿಎಸ್‌ಎನ್‌ಎಲ್, ಜಿಯೊ, ಏರ್‌ಟೆಲ್ ಎಲ್ಲ ಒಂದೇ. ಲೈಸೆನ್ಸ್ ಕೊಡುವಾಗಲೇ ಸರ್ಕಾರ ಷರತ್ತು ಹಾಕಿರುತ್ತದೆ. ಕಾನೂನು ಪ್ರಕಾರ ಕೇಳಿದರೆ ಕರೆ ಕೇಳಿಸಿಕೊಳ್ಳಲು ದಾರಿ ಮಾಡಿಕೊಡಬೇಕು. ಖಾಸಗಿ ಸಿಮ್‌ಗೆ ಬದಲಾಯಿಸಿದರೆ ಬದಲಾಗುವುದು ಬಿಲ್ ಮಾತ್ರ.

ಆದರೆ ‘ಎಲ್ಲ ನೋಡುತ್ತಾರಾ’ ಅನ್ನುವುದಕ್ಕೆ ಎರಡು ಉತ್ತರ ಇದೆ. ಮಾತಿನ ಒಳಗೆ ಏನಿದೆ ಅನ್ನುವುದು ಒಂದು. ಯಾರು ಯಾರಿಗೆ, ಎಷ್ಟು ಹೊತ್ತಿಗೆ, ಯಾವ ಟವರ್ ಕೆಳಗೆ ನಿಂತು ಮಾಡಿದರು ಅನ್ನುವ ದಾಖಲೆ ಇನ್ನೊಂದು.

ಮಾತು ಕೇಳಬೇಕೆಂದರೆ ಕೇಂದ್ರದ ಅಥವಾ ರಾಜ್ಯದ ಗೃಹ ಕಾರ್ಯದರ್ಶಿಯ ಅಪ್ಪಣೆ ಬೇಕು. ತುರ್ತು ಅಂದಾಗ ಬೇರೆ ಹಿರಿಯ ಅಧಿಕಾರಿ ಕೊಡಬಹುದು. ಒಂದು ಅಪ್ಪಣೆ 60 ದಿನ ನಡೆಯುತ್ತದೆ. ಮುಂದುವರಿಸಿದರೂ ಒಟ್ಟು 180 ದಿನ ದಾಟುವಂತಿಲ್ಲ. ಇವೆಲ್ಲ ಕಾಗದದ ಮೇಲೆ ಚೆನ್ನಾಗಿವೆ. ಕಷ್ಟ ಏನೆಂದರೆ ಅಪ್ಪಣೆ ಕೊಡುವವರೂ ಸರ್ಕಾರದವರು, ಆಮೇಲೆ ಸರಿಯೇ ತಪ್ಪೇ ಅಂತ ನೋಡುವ ಸಮಿತಿಯೂ ಸರ್ಕಾರಿ ಅಧಿಕಾರಿಗಳದ್ದು. ನ್ಯಾಯಾಧೀಶರು ಎಲ್ಲೂ ಬರುವುದಿಲ್ಲ. ನಿಮ್ಮ ಫೋನ್ ಕೇಳಿದ್ದೇವೆ ಅಂತ ಆಮೇಲೂ ನಿಮಗೆ ಯಾರೂ ಹೇಳುವುದಿಲ್ಲ. ಫೋನ್ ಕದ್ದಾಲಿಕೆಯ ಆರೋಪಕ್ಕೆ 1988ರಲ್ಲಿ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿ ಕುರ್ಚಿಯನ್ನೇ ಬಿಟ್ಟರು. ಈಗ ಅಂಥ ಸಂಕೋಚ ಯಾರಿಗೂ ಇದ್ದಂತಿಲ್ಲ.

ದಾಖಲೆಗೆ ಇಷ್ಟು ಗಲಾಟೆಯೂ ಇಲ್ಲ. ಕಂಪನಿಗಳು ಅದನ್ನು ಕನಿಷ್ಠ 2 ವರ್ಷ ಇಟ್ಟುಕೊಳ್ಳಬೇಕು ಅಂತ 2021ರ ಡಿಸೆಂಬರ್‌ನಲ್ಲಿ ನಿಯಮ ಬಂತು. ತನಿಖೆ ಅಂತ ಪೊಲೀಸರು ಬರೆದು ಕೇಳಿದರೆ ಸಿಗುತ್ತದೆ. ನೀವು ಕಾಫಿ ಕಣದ ಮೂಲೆಗೆ ದಿನಾ ಎಷ್ಟು ಹೊತ್ತಿಗೆ ಬರುತ್ತೀರಿ ಅನ್ನುವುದು ಟವರ್‌ಗೆ ಗೊತ್ತು. ಇದನ್ನು ತಪ್ಪಿಸಲು ಫೋನ್ ಮನೆಯಲ್ಲೇ ಬಿಟ್ಟು ಹೋಗಬೇಕು, ಬೇರೆ ಉಪಾಯ ಇಲ್ಲ.

ವಾಟ್ಸಾಪ್ ಸಂದೇಶ ದಾರಿಯಲ್ಲಿ ಬೀಗ ಹಾಕಿಕೊಂಡೇ ಹೋಗುತ್ತದೆ. ಬಿಎಸ್‌ಎನ್‌ಎಲ್‌ಗೂ ಕಾಣುವುದಿಲ್ಲ, ವಾಟ್ಸಾಪ್‌ಗೂ ಕಾಣುವುದಿಲ್ಲ. ಸೋರುವುದು ಬೇರೆ ಕಡೆ. ರಾತ್ರಿ ಗೂಗಲ್ ಡ್ರೈವ್‌ಗೆ ಹೋಗುವ ಬ್ಯಾಕಪ್‌ಗೆ ನೀವಾಗಿ ಬೀಗ ಹಾಕದಿದ್ದರೆ ಬೀಗ ಇರುವುದಿಲ್ಲ. ಸೆಟ್ಟಿಂಗ್ಸ್, ಚಾಟ್ಸ್, ಚಾಟ್ ಬ್ಯಾಕಪ್‌ಗೆ ಹೋಗಿ. ಕೆಳಗೆ ‘ಎಂಡ್ ಟು ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್’ ಅಂತ ಇರುತ್ತದೆ. ಅದನ್ನು ಆನ್ ಮಾಡಿ. ಪಾಸ್‌ವರ್ಡ್ ಕೇಳುತ್ತದೆ. ಅದನ್ನು ಮರೆತರೆ ಯಾರಿಂದಲೂ ತೆಗೆಯಲಾಗದು, ಹಾಗಾಗಿ ಪಾಸ್‌ಬುಕ್ ಜತೆ ಬರೆದಿಡಿ. ಇನ್ನು ನಿಮ್ಮ ಒಕ್ಕದ (ಕುಲದ) ಗ್ರೂಪ್‌ನಲ್ಲಿ 180 ಜನ ಇದ್ದರೆ ಯಾವ ಬೀಗವೂ ಉಪಯೋಗವಿಲ್ಲ. ಒಬ್ಬ ಸ್ಕ್ರೀನ್‌ಶಾಟ್ ತೆಗೆದರೆ ಮುಗಿಯಿತು.

ವಿಪಿಎನ್ ಹಾಕುವುದು ತಪ್ಪಲ್ಲ. ಆದರೆ ಅದು ಮಾಡುವುದು ಇಷ್ಟೇ: ನೀವು ಯಾವ ವೆಬ್‌ಸೈಟ್‌ಗೆ ಹೋಗುತ್ತೀರಿ ಅನ್ನುವುದನ್ನು ಬಿಎಸ್‌ಎನ್‌ಎಲ್‌ನಿಂದ ಮುಚ್ಚಿ ವಿಪಿಎನ್ ಕಂಪನಿಗೆ ತೋರಿಸುತ್ತದೆ. ನಂಬಿಕೆಯ ಜಾಗ ಬದಲಾಯಿತು, ಅಷ್ಟೆ. 2022ರ ಏಪ್ರಿಲ್‌ನಲ್ಲಿ ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್ ಒಂದು ಆದೇಶ ಹೊರಡಿಸಿತು. ವಿಪಿಎನ್ ಕಂಪನಿಗಳು ಗ್ರಾಹಕರ ವಿವರವನ್ನು 5 ವರ್ಷ ಇಟ್ಟಿರಬೇಕು ಅಂತ. ಅದಕ್ಕೆ ಒಪ್ಪದ ಕೆಲವು ದೊಡ್ಡ ಕಂಪನಿಗಳು ಇಲ್ಲಿನ ಸರ್ವರ್‌ಗಳನ್ನೇ ತೆಗೆದುಬಿಟ್ಟವು. ಪ್ಲೇ ಸ್ಟೋರ್‌ನಲ್ಲಿ ಸಿಗುವ ಯಾವುದೋ ಪುಕ್ಕಟೆ ವಿಪಿಎನ್ ಮಾತ್ರ ಬೇಡ ಅನ್ನಿ ಮಗನಿಗೆ. ಮನೆ ಕಾಯಲು ಗುರುತಿಲ್ಲದವನನ್ನು ಕೂರಿಸಿದಂತೆ ಅದು.

ಪ್ರಶ್ನೆ: ಸೋಮವಾರಪೇಟೆ ಹತ್ತಿರ ನಮ್ಮದು ಸಣ್ಣ ಹೋಂಸ್ಟೇ, ಜತೆಗೆ ತೋಟ. ಬಂದ ಅತಿಥಿಗಳದ್ದೆಲ್ಲ ಆಧಾರ್ ಫೋಟೊ ತೆಗೆದು ಇಟ್ಟುಕೊಳ್ಳುತ್ತೇವೆ. ಲೈನ್ ಮನೆಯಲ್ಲಿರುವ ಅಸ್ಸಾಮಿನ ಕೆಲಸದವರದ್ದೂ ಇದೆ. ಠಾಣೆಯಿಂದ ಕೇಳಿದರೆ ವಾಟ್ಸಾಪ್‌ನಲ್ಲಿ ಕಳಿಸುತ್ತೇವೆ. ಇದರಲ್ಲಿ ತಪ್ಪಿದೆಯೇ?

ನಿಮ್ಮ ಪತ್ರ ಓದಿ ನನಗೆ ಖುಷಿಯಾಯಿತು. ಎಲ್ಲರೂ ‘ನನ್ನ ಮಾಹಿತಿ ಯಾರ ಹತ್ತಿರ ಇದೆ’ ಅಂತ ಕೇಳುತ್ತಾರೆ. ನೀವು ‘ನನ್ನ ಹತ್ತಿರ ಯಾರದ್ದಿದೆ’ ಅಂತ ಕೇಳಿದ್ದೀರಿ.

ಒಂದು ಶುಕ್ರವಾರ, ಮಡಿಕೇರಿ ಸಂತೆಯ ದಿನ, ಒಂದು ಝೆರಾಕ್ಸ್ ಅಂಗಡಿಗೆ ಹೋಗಿದ್ದೆ. ಹೆಸರು ಬೇಡ. ಪಹಣಿಯ ಪಿಡಿಎಫ್ ಪ್ರಿಂಟ್ ಆಗಬೇಕಿತ್ತು. ‘ನಮ್ಮ ನಂಬರ್‌ಗೆ ವಾಟ್ಸಾಪ್ ಮಾಡಿ ಸರ್’ ಅಂದ ಹುಡುಗ. ಮಾಡಿದೆ. ಅವನು ಕಂಪ್ಯೂಟರ್‌ನಲ್ಲಿ ನನ್ನ ಫೈಲ್ ಹುಡುಕುತ್ತಾ ಕೆಳಗೆ ಇಳಿಯುತ್ತಾ ಹೋದ. ಒಬ್ಬರ ಆಧಾರ್, ಒಬ್ಬರ ಪಾನ್, ಯಾರದೋ ಸ್ಕ್ಯಾನಿಂಗ್ ರಿಪೋರ್ಟ್, ಒಂದು ಮದುವೆ ಕಾಗದ, ಮತ್ತೆ ಆಧಾರ್, ಆಧಾರ್, ಆಧಾರ್. ನನ್ನ ಹಿಂದೆ ನಿಂತವರೂ ನೋಡುತ್ತಿದ್ದರು. ಯಾವುದನ್ನೂ ಅಳಿಸಿರಲಿಲ್ಲ. ಹುಡುಗನಿಗೆ ಕೆಟ್ಟ ಬುದ್ಧಿ ಇರಲಿಲ್ಲ, ಪುರಸೊತ್ತು ಇರಲಿಲ್ಲ. ನಿಮ್ಮ ತೋಟದ ರೈಟರ್ (ಲೆಕ್ಕ ಬರೆಯುವವರ) ಫೋನ್ ಕೂಡ ಹೀಗೇ ಇದ್ದೀತು. ನಲವತ್ತು ಜನರ ಆಧಾರ್ ಗ್ಯಾಲರಿಯಲ್ಲಿ, ಮಕ್ಕಳ ಹುಟ್ಟುಹಬ್ಬದ ಫೋಟೊಗಳ ಮಧ್ಯೆ.

ವಿದೇಶಿ ಅತಿಥಿ ಬಂದರೆ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ವಿವರ ಕೊಡಬೇಕು. ಅದು ಕಾನೂನು, ತಪ್ಪಿಸುವಂತಿಲ್ಲ. ನಮ್ಮ ದೇಶದವರಾದರೆ ಲೆಡ್ಜರ್‌ನಲ್ಲಿ ಹೆಸರು, ಊರು, ಫೋನ್ ನಂಬರ್, ಯಾವುದಾದರೂ ಗುರುತಿನ ಚೀಟಿ ನೋಡಿದ್ದಕ್ಕೆ ಗುರುತು. ಡ್ರೈವಿಂಗ್ ಲೈಸೆನ್ಸ್ ಆಗುತ್ತದೆ, ವೋಟರ್ ಕಾರ್ಡ್ ಆಗುತ್ತದೆ. ಆಧಾರ್ ಆಗಬೇಕೆಂದೇನಿಲ್ಲ. ಆಧಾರನ್ನೇ ಕೊಟ್ಟರೆ ಕೊನೆಯ 4 ಅಂಕಿ ಮಾತ್ರ ಕಾಣುವ ‘ಮಾಸ್ಕ್ಡ್ ಆಧಾರ್’ ತೆಗೆದುಕೊಳ್ಳಿ. ಆಧಾರ್ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದು.

2022ರ ಮೇನಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ ಒಂದು ಎಚ್ಚರಿಕೆ ಕೊಟ್ಟಿತ್ತು. ಪ್ರಾಧಿಕಾರದ ಲೈಸೆನ್ಸ್ ಇಲ್ಲದ ಹೋಟೆಲ್, ಸಿನಿಮಾ ಮಂದಿರಗಳು ಆಧಾರ್ ನಕಲು ಇಟ್ಟುಕೊಳ್ಳುವಂತಿಲ್ಲ, ಮಾಸ್ಕ್ಡ್ ಕೊಡಿ ಅಂತ. ಜನ ಗಾಬರಿಯಾದರು. ಎರಡೇ ದಿನಕ್ಕೆ ಕೇಂದ್ರ ಅದನ್ನು ವಾಪಸ್ ತೆಗೆದುಕೊಂಡಿತು. ಸಲಹೆ ಸರಿಯಾಗೇ ಇತ್ತು, ಹೇಳಿದ ರೀತಿಗೆ ದಿಲ್ಲಿಗೆ ಮುಜುಗರವಾಗಿರಬೇಕು.

ಠಾಣೆಯವರು ಕೇಳಿದರೆ ಕೊಡಿ. ಆದರೆ ಯಾವ ಆದೇಶದ ಮೇಲೆ, ಯಾರ ಮಾಹಿತಿ ಅಂತ ಒಂದು ಚೀಟಿಯಲ್ಲಾದರೂ ಬರೆಸಿಕೊಳ್ಳಿ. ಪೇದೆಯ ಸ್ವಂತ ವಾಟ್ಸಾಪ್‌ಗೆ ಹಾಕಬೇಡಿ, ಠಾಣೆಗೆ ಪ್ರಿಂಟ್ ತಲುಪಿಸಿ. ಕೆಲಸ ಬಿಟ್ಟು ಊರಿಗೆ ಹೋದವರ ಫೋಟೊ ಅಳಿಸಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ನಿಮ್ಮಂಥವರಿಗೂ ಅನ್ವಯಿಸುತ್ತದೆ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ, ಹಂತಹಂತವಾಗಿ ಜಾರಿಯಾಗುತ್ತವೆ. ತಮಾಷೆ ನೋಡಿ, ಇದೇ ಕಾಯ್ದೆಯಲ್ಲಿ ತನಗೆ ಬೇಕಾದ ಸರ್ಕಾರಿ ಸಂಸ್ಥೆಗೆ ಪೂರ್ತಿ ವಿನಾಯಿತಿ ಕೊಡುವ ಅಧಿಕಾರವನ್ನು ಕೇಂದ್ರ ಇಟ್ಟುಕೊಂಡಿದೆ.

ಪ್ರಶ್ನೆ: 2025ರಲ್ಲಿ ಸಮೀಕ್ಷೆ ಅಂತ ಬಾಗಿಲಿಗೆ ಸ್ಟಿಕರ್ ಅಂಟಿಸಿ, ಬಂದು ರಾಶಿ ಪ್ರಶ್ನೆ ಕೇಳಿದರು. ಎಲ್ಲದಕ್ಕೂ ಉತ್ತರ ಕೊಡಲೇಬೇಕಿತ್ತಾ? (ಗೋಣಿಕೊಪ್ಪ)

ಇಲ್ಲ ಅಕ್ಕ. ಹಿಂದುಳಿದ ವರ್ಗಗಳ ಆಯೋಗದ ಆ ಸಮೀಕ್ಷೆ ಸೆಪ್ಟೆಂಬರ್ 22ಕ್ಕೆ ಶುರುವಾಯಿತು. ಮೂರೇ ದಿನಕ್ಕೆ ಹೈಕೋರ್ಟ್ ಸ್ಪಷ್ಟವಾಗಿ ಹೇಳಿತು: ಮಾಹಿತಿ ಕೊಡುವುದು ಜನರ ಇಷ್ಟ, ಬಲವಂತ ಮಾಡಬಾರದು, ಕೊಟ್ಟದ್ದು ಗುಟ್ಟಾಗಿರಬೇಕು. ದೇಶದ ಜನಗಣತಿ ಮಾತ್ರ ಹಾಗಲ್ಲ. 1948ರ ಜನಗಣತಿ ಕಾಯ್ದೆಯ ಪ್ರಕಾರ ಅದಕ್ಕೆ ಉತ್ತರ ಕೊಡಲೇಬೇಕು. ಮನೆಗೆ ಯಾರೇ ಬಂದರೂ ‘ಇದು ಯಾವ ಕಾಯ್ದೆ ಪ್ರಕಾರ’ ಅಂತ ಮೊದಲು ಕೇಳಿ. ಕೇಳುವುದು ಒರಟುತನ ಅಲ್ಲ. ಒಂದು ಲೋಟ ಕಾಫಿ ಕೊಟ್ಟೇ ಕೇಳಬಹುದು.

ಪ್ರಶ್ನೆ: ರಾತ್ರಿ ಚೆಕ್‌ಪೋಸ್ಟ್‌ನಲ್ಲಿ ಬೈಕ್ ನಿಲ್ಲಿಸಿ ಫೋನ್ ಅನ್‌ಲಾಕ್ ಮಾಡು ಅಂದರೆ? (ವಿರಾಜಪೇಟೆ, ಕಾಲೇಜು ವಿದ್ಯಾರ್ಥಿ)

ಗಾಡಿ ದಾಖಲೆ ತೋರಿಸು ತಮ್ಮಾ. ಫೋನ್ ಬೇರೆ ವಿಷಯ. ಪೊಲೀಸರು ಫೋನ್ ಹುಡುಕುವುದರ ಬಗ್ಗೆ ನಮ್ಮ ಹೈಕೋರ್ಟ್ 2021ರ ಮಾರ್ಚ್‌ನಲ್ಲಿ ಒಂದು ತೀರ್ಪು ಕೊಟ್ಟಿದೆ. ಮನೆ ಹುಡುಕಲು ಹೇಗೆ ವಾರಂಟ್ ಬೇಕೋ ಫೋನ್‌ಗೂ ಸಾಮಾನ್ಯವಾಗಿ ಹಾಗೇ. ತುರ್ತು ಇದ್ದರೆ ಕಾರಣ ಬರೆದಿಟ್ಟು ಹುಡುಕಬಹುದು. ಹಾಗಂತ ಕೋರ್ಟೇ ಹೇಳಿದ ಮೇಲೂ ಪಾಸ್‌ವರ್ಡ್ ಕೊಡುವುದಿಲ್ಲ ಅನ್ನಲಾಗದು ಅಂತಲೂ ಅದೇ ತೀರ್ಪಿನಲ್ಲಿದೆ. ರಸ್ತೆಯಲ್ಲಿ ವಾದಕ್ಕೆ ನಿಲ್ಲಬೇಡ. ‘ವಾರಂಟ್ ಇದೆಯಾ ಸರ್’ ಅಂತ ಮೆಲ್ಲಗೆ ಕೇಳು. ಫೋನ್ ತೆಗೆದುಕೊಂಡರೆ ಮಹಜರ್ (ವಶಕ್ಕೆ ತೆಗೆದುಕೊಂಡದ್ದರ ದಾಖಲೆ) ಪ್ರತಿ ಕೇಳು. ಬೆರಳಚ್ಚಿನ ಬದಲು 6 ಅಂಕಿಯ ಪಿನ್ ಇಟ್ಟುಕೋ. ಬೆರಳನ್ನು ಯಾರು ಬೇಕಾದರೂ ಹಿಡಿದು ಒತ್ತಿಸಬಹುದು.

ಪ್ರಶ್ನೆ: ಅಮ್ಮನಿಗೆ 74. ತೋಟದ ಪಾಲು ಪತ್ರ ನೋಂದಣಿಗೆ ಬೆರಳಚ್ಚು ಕೊಟ್ಟು ಬಂದರು. ಅದರಿಂದ ಬ್ಯಾಂಕ್ ಹಣ ಹೋಗುತ್ತದೆ ಅಂತ ಯಾರೋ ಹೆದರಿಸಿದ್ದಾರೆ. ನಿಜವೇ? (ಶ್ರೀಮಂಗಲ)

ಸುಮ್ನೆ ಹೆದರಿಸಿದ್ದಲ್ಲ. ಬ್ಯಾಂಕ್ ಪರವಾಗಿ ಊರಲ್ಲಿ ಹಣ ಕೊಡುವ ಬ್ಯಾಂಕ್ ಮಿತ್ರರ ಹತ್ತಿರ ಇರುವ ಆಧಾರ್ ಯಂತ್ರದಲ್ಲಿ ಹಣ ತೆಗೆಯಲು ಆಧಾರ್ ನಂಬರ್, ಬ್ಯಾಂಕ್ ಹೆಸರು, ಬೆರಳು ಇಷ್ಟಿದ್ದರೆ ಸಾಕು. ಒಟಿಪಿ ಬೇಡ. 2023ರಲ್ಲಿ ರಾಜ್ಯದ ಹಲವು ಕಡೆ ಆಸ್ತಿ ನೋಂದಣಿ ಮಾಡಿಸಿದ ಮೇಲೆ ಹೀಗೆ ಹಣ ಹೋಯಿತು ಅಂತ ದೂರುಗಳು ಬಂದವು. ಪತ್ರದಲ್ಲಿರುವ ಹೆಬ್ಬೆಟ್ಟಿನ ಗುರುತಿನಿಂದ ನಕಲಿ ಬೆರಳು ಮಾಡುತ್ತಾರೆ ಅನ್ನುವ ಅನುಮಾನ. ಸರ್ಕಾರ ಒಂದು ಕೆಲಸಕ್ಕೆ ತೆಗೆದುಕೊಂಡ ಮಾಹಿತಿ ಇನ್ನೊಬ್ಬನ ಕೈಗೆ ಹೋಗುವುದು ಹೀಗೆ. ಪಾಸ್‌ವರ್ಡ್ ಆದರೆ ಬದಲಾಯಿಸಬಹುದು, ಅಮ್ಮನ ಹೆಬ್ಬೆಟ್ಟನ್ನು ಹೇಗೆ ಬದಲಾಯಿಸುತ್ತೀರಿ?

ಆಧಾರ್ ಪ್ರಾಧಿಕಾರದ ಆ್ಯಪ್‌ನಲ್ಲಿ ‘ಬಯೊಮೆಟ್ರಿಕ್ ಲಾಕ್’ ಅಂತ ಇದೆ. ಇವತ್ತೇ ಹಾಕಿ. ಆಧಾರ್ ಜತೆ ಅಮ್ಮನ ಮೊಬೈಲ್ ನಂಬರ್ ಸೇರಿರಬೇಕು, ಇಲ್ಲದಿದ್ದರೆ ಆಧಾರ್ ಕೇಂದ್ರಕ್ಕೆ ಒಮ್ಮೆ ಕರೆದುಕೊಂಡು ಹೋಗಬೇಕಾಗುತ್ತದೆ. ಅದೇ ಆ್ಯಪ್‌ನಲ್ಲಿ ಕಳೆದ 6 ತಿಂಗಳಲ್ಲಿ ಆಧಾರ್ ಎಲ್ಲೆಲ್ಲಿ ಬಳಕೆಯಾಗಿದೆ ಅನ್ನುವ ಪಟ್ಟಿಯೂ ಸಿಗುತ್ತದೆ. ಅಮ್ಮ ಹೋಗದ ಕಡೆ ಬಳಕೆಯಾಗಿದ್ದರೆ ಬ್ಯಾಂಕ್‌ಗೆ ಹೇಳಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಿ.

ಒಂದು ತಾಪತ್ರಯ ಇದೆ. ಲಾಕ್ ಹಾಕಿದ ಮೇಲೆ ರೇಷನ್ ಅಂಗಡಿಯ ಯಂತ್ರವೂ ಅಮ್ಮನ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ. ಆಗ ಅನ್‌ಲಾಕ್ ಮಾಡಬೇಕು, ಅದು 10 ನಿಮಿಷ ಮಾತ್ರ ಇರುತ್ತದೆ. ಮನೆಯಲ್ಲೇ ಒತ್ತಿ ಹೊರಟರೆ ಅಂಗಡಿ ಮುಟ್ಟುವಷ್ಟರಲ್ಲಿ ಮತ್ತೆ ಲಾಕ್. ಅಂಗಡಿ ಹತ್ತಿರ ನೆಟ್‌ವರ್ಕ್ ಸಿಗುವ ಜಾಗ ಯಾವುದು ಅಂತ ಮೊದಲೇ ನೋಡಿಟ್ಟುಕೊಳ್ಳಿ. ಸಾಲಿನಲ್ಲಿ ಅಮ್ಮನ ಮುಂದೆ ಇಬ್ಬರು ಉಳಿದಾಗ ಒತ್ತಿದರೆ ಸರಿಹೋಗುತ್ತದೆ.