ಮೂರು ಜನರ ತಂಡ, ಅರ್ಧ ಗಂಟೆಯ ಸಾಕ್ಷ್ಯಚಿತ್ರ

ಟಿವಿಗೆ ಸಾಕ್ಷ್ಯಚಿತ್ರ ಮಾಡುವುದರ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಲ ಉತ್ತರ. ನಾನು ಧಾರವಾಡದಲ್ಲಿ ಸಣ್ಣದೊಂದು ಪ್ರೊಡಕ್ಷನ್ ಕಂಪನಿ ನಡೆಸುತ್ತೇನೆ. ಕ್ಯಾಮೆರಾಕ್ಕೆ ಒಬ್ಬರು, ಸೌಂಡಿಗೆ ಒಬ್ಬರು, ನಿರ್ದೇಶನಕ್ಕೂ ಎಡಿಟಿಂಗಿಗೂ ನಾನು. ಇಷ್ಟೇ ನಮ್ಮ ತಂಡ.

*ಮೇಡಂ, ನಾನು ಪತ್ರಿಕೋದ್ಯಮ ಓದುತ್ತಿದ್ದೇನೆ. ನಮ್ಮೂರಿನ ಕಮ್ಮಾರರ ಬಗ್ಗೆ ಡಾಕ್ಯುಮೆಂಟರಿ ಮಾಡುವ ಆಸೆ. ಅಪ್ಪ ಒಂದೂವರೆ ಲಕ್ಷ ಕೊಡಲು ಒಪ್ಪಿದ್ದಾರೆ. ಯಾವ ಕ್ಯಾಮೆರಾ ತೆಗೆದುಕೊಳ್ಳಲಿ?*
— ವಿದ್ಯಾರ್ಥಿನಿ, ಹಾವೇರಿ

ಕ್ಯಾಮೆರಾ ಈಗ ಕೊಳ್ಳಲೇಬೇಡಿ. ಹುಬ್ಬಳ್ಳಿಯಲ್ಲಿ ದಿನದ ಬಾಡಿಗೆಗೆ ಸಿಗುತ್ತದೆ. ಮೊದಲು ಒಂದು ಒಳ್ಳೆಯ ಕಾಲರ್ ಮೈಕ್, ಕೋಲಿನ ತುದಿಗೆ ಕಟ್ಟಿ ಹಿಡಿಯುವ ಒಂದು ಬೂಮ್ ಮೈಕ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ತೆಗೆದುಕೊಳ್ಳಿ. ಚಿತ್ರ ಸ್ವಲ್ಪ ಅಲುಗಾಡಿದರೂ ಜನ ನೋಡುತ್ತಾರೆ. ಮಾತು ಕೇಳಿಸದಿದ್ದರೆ ರಿಮೋಟ್ ಒತ್ತುತ್ತಾರೆ, ಅಷ್ಟೇ.

ಇಳಕಲ್ಲಿನಲ್ಲಿ ಸೀರೆ ನೇಯುವವರ ಮನೆಯಲ್ಲಿ ಶೂಟ್ ಮಾಡುವಾಗಿನ ಮಾತು ಹೇಳುತ್ತೇನೆ, ನಿಮ್ಮ ಕುಲುಮೆಗೂ ಉಪಯೋಗಕ್ಕೆ ಬರುತ್ತದೆ. ಕುಣಿ ಮಗ್ಗ ಇರುವ ಕೋಣೆ ಚಿಕ್ಕದು. ನೇಕಾರರು ಕುಣಿಯಲ್ಲಿ ಕಾಲು ಇಳಿಬಿಟ್ಟು ಕೂತಿರುತ್ತಾರೆ. ಲಾಳಿ ಓಡುವ ಸದ್ದು, ಹಲಗೆ ಬಡಿಯುವ ಸದ್ದು, ಎರಡೂ ಸೇರಿದರೆ ಮನುಷ್ಯರ ದನಿ ಮುಳುಗಿಹೋಗುತ್ತದೆ. ‘ಮಗ್ಗ ನಿಲ್ಲಿಸಿ ಮಾತಾಡ್ರಿ’ ಅಂದೆವು. ನಿಲ್ಲಿಸಿದರು. ಆದರೆ ಕೈ ನಿಂತ ಕೂಡಲೇ ಅವರು ಬೇರೆಯೇ ಮನುಷ್ಯರಾದರು. ಬೆನ್ನು ನೆಟ್ಟಗಾಯಿತು, ಭಾಷಣದ ಕನ್ನಡ ಬಂತು.

ಇಳಕಲ್ ಸೀರೆಯಲ್ಲಿ ಒಂದು ವಿಶೇಷ ಇದೆ. ಒಡಲಿನ ಹಾಸು (ಮಗ್ಗದಲ್ಲಿ ಉದ್ದಕ್ಕೆ ಹಾಯುವ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಜೋಡಿಸಬೇಕು. ಈ ಕೆಲಸಕ್ಕೆ ಸದ್ದೇ ಇಲ್ಲ! ಕೈ ತನ್ನ ಪಾಡಿಗೆ ಎಳೆ ಹುಡುಕುತ್ತಿರುತ್ತದೆ, ಕಣ್ಣು ಅಲ್ಲೇ ಇರುತ್ತದೆ, ಬಾಯಿ ಬಿಡುವಾಗಿರುತ್ತದೆ. ಅವತ್ತು ಕೊಂಡಿ ಹಾಕುವ ಹೊತ್ತಿಗೆ ಕಾದು ಕೂತೆವು. ಕಾಲರ್ ಮೈಕ್ ಸಿಕ್ಕಿಸಿ ಬೂಮ್ ದೂರ ಇಟ್ಟೆವು. ಅವರು ತಮ್ಮ ತಂದೆಯ ಬಗ್ಗೆ, ನೂಲಿನ ಸಾಲದ ಬಗ್ಗೆ, ‘ನನ್ನ ಮಗ ಬೆಂಗಳೂರಾಗ ಡ್ರೈವರ್ ಅದಾನ್ರಿ, ಇದನ್ನ ಕಲೀಲಿಲ್ಲ’ ಅನ್ನುವುದರ ಬಗ್ಗೆ, ಯಾರೂ ಕೇಳದೆಯೇ ಹೇಳುತ್ತಾ ಹೋದರು. ಮಗ್ಗದ ಸದ್ದನ್ನು ಬೇರೆಯಾಗಿ, ಹತ್ತಿರದಿಂದ ರೆಕಾರ್ಡ್ ಮಾಡಿಕೊಂಡೆವು. ಕೊನೆಗೆ ಎಲ್ಲರೂ ಸುಮ್ಮನೆ ಕೂತು ಖಾಲಿ ಕೋಣೆಯ ಸದ್ದನ್ನೂ ಒಂದು ನಿಮಿಷ ಹಿಡಿದೆವು. ಎಡಿಟಿಂಗ್‌ನಲ್ಲಿ ಮಾತು ಕತ್ತರಿಸಿದ ಕಡೆ ಹೊಲಿಗೆ ಹಾಕುವುದು ಆ ಒಂದು ನಿಮಿಷವೇ.

ನಿಮ್ಮೂರ ಕಮ್ಮಾರರೂ ಎಲ್ಲೋ ಒಂದು ಕಡೆ ಸದ್ದಿಲ್ಲದ ಕೆಲಸ ಮಾಡುತ್ತಾರೆ. ಇದ್ದಿಲು ಒಟ್ಟುವುದೋ, ಕುಡುಗೋಲಿಗೆ ಹಿಡಿ ಹಾಕುವುದೋ. ಅದನ್ನು ಕಂಡುಹಿಡಿಯಲು ಕ್ಯಾಮೆರಾ ಇಲ್ಲದೆ ಹೋಗಿ ಕೂತುಬನ್ನಿ. ಒಂದು ದಿನ ಸಾಲದು. ದೊಡ್ಡ ಕಂಪನಿಯವರಿಗೆ ಹೀಗೆ ಕೂರುವ ಪುರಸೊತ್ತು ಇರುವುದಿಲ್ಲ. ನಮ್ಮಂಥವರ ಬಲ ಇದೊಂದೇ: ಚಿಕ್ಕ ಕೋಣೆಯಲ್ಲಿ ಹಿಡಿಸುತ್ತೇವೆ, ಮತ್ತೆ ಮತ್ತೆ ಹೋಗುತ್ತೇವೆ.

*ನಾನು ಮದುವೆ ವಿಡಿಯೋ ಮಾಡುತ್ತೇನೆ. ಟ್ಯೂಬ್‌ಲೈಟ್ ಇರುವ ಕಡೆ ವಿಡಿಯೋದಲ್ಲಿ ಕಪ್ಪು ಪಟ್ಟೆ ಓಡುತ್ತದೆ. ಕ್ಯಾಮೆರಾ ಕೆಟ್ಟಿದೆಯೇ?*
— ವಿಡಿಯೋಗ್ರಾಫರ್, ದಾವಣಗೆರೆ

ಕೆಟ್ಟಿಲ್ಲ. ನಮ್ಮ ದೇಶದ ಕರೆಂಟು 50 ಹರ್ಟ್ಸ್. ಹಾಗಾಗಿ ದೀಪ ಸೆಕೆಂಡಿಗೆ 100 ಸಲ ಮಿಣುಕುತ್ತದೆ, ಕಣ್ಣಿಗೆ ಗೊತ್ತಾಗುವುದಿಲ್ಲ. ನಿಮ್ಮ ಕ್ಯಾಮೆರಾ ಬಹುಶಃ ಸೆಕೆಂಡಿಗೆ 30 ಫ್ರೇಮ್ (ಚಿತ್ರ), ಒಂದೊಂದಕ್ಕೂ 1/60 ಸೆಕೆಂಡು ತೆರೆಯುವ ಶಟರ್‌ನಲ್ಲಿದೆ. ಅದು 60 ಹರ್ಟ್ಸ್ ಇರುವ ಅಮೆರಿಕದಂಥ ದೇಶಕ್ಕೆ ಸರಿ. 25 ಫ್ರೇಮ್, 1/50 ಶಟರ್ ಇಟ್ಟು ನೋಡಿ. ನಮ್ಮ ಟಿವಿಯವರು ಕೇಳುವುದೂ 25 ಫ್ರೇಮನ್ನೇ. ಅಗ್ಗದ ಎಲ್‌ಇಡಿ ಬಲ್ಬು ಇದ್ದರೆ ಆಗಲೂ ಪಟ್ಟೆ ಬರಬಹುದು. ಆಗ ಬಲ್ಬನ್ನೇ ಬದಲಾಯಿಸಿ.

*ಮಾತಾಡಿದವರಿಗೆ ದುಡ್ಡು ಕೊಡಬೇಕಾ? ಕೊಟ್ಟರೆ ನಮಗೆ ಬೇಕಾದಂತೆ ಮಾತಾಡುತ್ತಾರೆ, ಕೊಡದಿದ್ದರೆ ಮನಸ್ಸಿಗೆ ಸರಿಯೆನಿಸುವುದಿಲ್ಲ.*
— ಓದುಗ, ಚಿಕ್ಕಮಗಳೂರು

ಮಾತಿಗೆ ಬೆಲೆ ಕಟ್ಟಬೇಡಿ. ಹೋದ ಕೂಲಿಯನ್ನು ಮಾತ್ರ ಕೊಡಲೇಬೇಕು. ನೇಕಾರರಿಗೆ ಸೀರೆಯ ಲೆಕ್ಕದಲ್ಲಿ ಕೂಲಿ. ನಮ್ಮಿಂದ ಒಂದು ಸೀರೆ ಎರಡು ದಿನ ತಡವಾದರೆ ಆ ಮನೆಯ ವಾರದ ಸಂತೆಗೆ ಹೊಡೆತ ಬೀಳುತ್ತದೆ. ಬಜೆಟ್ ಬರೆಯುವಾಗ ‘ಭಾಗವಹಿಸುವವರ ಕೂಲಿ ನಷ್ಟ’ ಅಂತ ಒಂದು ಸಾಲು ಹಾಕಿ. ಹಣ ಕೊಡುವವರು ಕೇಳಿದರೆ ಕಾರಣ ಹೇಳಿ. ನಮಗಂತೂ ಇದಕ್ಕೆ ಯಾರೂ ಇಲ್ಲ ಅಂದಿಲ್ಲ.

ದುಡ್ಡಿಗಿಂತ ಕಷ್ಟದ್ದು ಒಪ್ಪಿಗೆ. ಇಂಗ್ಲಿಷಿನಲ್ಲಿ ಅಚ್ಚು ಮಾಡಿದ ಹಾಳೆಗೆ ಹೆಬ್ಬೆಟ್ಟು ಒತ್ತಿಸಿಕೊಂಡು ಬರುವುದನ್ನು ನಾನು ಒಪ್ಪಿಗೆ ಅನ್ನುವುದಿಲ್ಲ. ನಮ್ಮ ಒಪ್ಪಿಗೆ ಪತ್ರ ಕನ್ನಡದಲ್ಲಿ ಒಂದೇ ಪುಟ. ಅದನ್ನು ಗಟ್ಟಿಯಾಗಿ ಓದಿ ಹೇಳುತ್ತೇವೆ. ಎಲ್ಲಿ ತೋರಿಸುತ್ತೇವೆ, ಯಾರ್ಯಾರು ನೋಡಬಹುದು, ಯೂಟ್ಯೂಬಿಗೆ ಹೋದರೆ ವಾಪಸ್ ತೆಗೆಯುವುದು ಎಷ್ಟು ಕಷ್ಟ, ಎಲ್ಲವನ್ನೂ. ಓದುವುದನ್ನೂ ಕ್ಯಾಮೆರಾದಲ್ಲಿ ದಾಖಲಿಸುತ್ತೇವೆ.

ಅದಾದ ಮೇಲೆ ರಫ್ ಕಟ್, ಅಂದರೆ ಎಡಿಟಿಂಗಿನ ಮೊದಲ ಕರಡನ್ನು, ಅವರಿಗೆ ತೋರಿಸುವುದು. ಇದಕ್ಕೆ ಎಷ್ಟೋ ನಿರ್ದೇಶಕರು ಹೆದರುತ್ತಾರೆ. ಸವದತ್ತಿ ಕಡೆಯ ಒಬ್ಬ ತಾಯಿ ತಮ್ಮ ಸಾಲದ ಬಗ್ಗೆ ಮಾತಾಡುತ್ತಾ ಸಾಲ ಕೊಟ್ಟವರ ಹೆಸರು ಹೇಳಿಬಿಟ್ಟಿದ್ದರು. ಚಿತ್ರದ ಜೀವವೇ ಆ ಮಾತಿನಲ್ಲಿತ್ತು. ಲ್ಯಾಪ್‌ಟಾಪಿನಲ್ಲಿ ನೋಡಿ, ‘ಯಕ್ಕಾ, ಇದನ್ನ ತಗೀರಿ, ನಾ ಇದ ಓಣ್ಯಾಗ ಬಾಳ್ವೆ ಮಾಡಬೇಕು’ ಅಂದರು. ತೆಗೆದೆ. ಚಿತ್ರ ಸ್ವಲ್ಪ ಸಪ್ಪೆಯಾಯಿತು, ನಿಜ. ಆದರೆ ಟೆಲಿಕಾಸ್ಟ್ ಆದ ಮರುದಿನ ನಾವು ಧಾರವಾಡದಲ್ಲಿರುತ್ತೇವೆ, ಅವರು ಅದೇ ಓಣಿಯಲ್ಲಿ ನೀರಿಗೆ ಹೋಗಬೇಕು. ಅಂಥ ಜಾಗದಲ್ಲಿ ನನ್ನ ಚಿತ್ರದ ಚೆಂದ ದೊಡ್ಡದಲ್ಲ.

ಅಧಿಕಾರದಲ್ಲಿ ಇರುವವರಿಗೆ ಈ ಸೌಲಭ್ಯ ಇಲ್ಲ, ನೆನಪಿಡಿ. ಅಧಿಕಾರಿಯೋ ಶಾಸಕರೋ ಕ್ಯಾಮೆರಾ ಮುಂದೆ ಹೇಳಿದ್ದು ಹೇಳಿದ್ದೇ.

*ನಾವು ಗಂಡ ಹೆಂಡತಿ ಸೇರಿ ಸ್ಟುಡಿಯೋ ನಡೆಸುತ್ತೇವೆ. ಒಂದು ಚಾನೆಲ್ ನಮ್ಮಿಂದ ಸಾಕ್ಷ್ಯಚಿತ್ರ ಮಾಡಿಸಲು ಮುಂದೆ ಬಂದಿದೆ. ಕರಾರಿನಲ್ಲಿ ‘ಎಲ್ಲ ಹಕ್ಕುಗಳೂ ಚಾನೆಲ್ಲಿಗೆ’ ಎಂದಿದೆ. ಸಹಿ ಮಾಡಬಹುದಾ?*
— ಕಲಬುರಗಿ

ಮಾಡುವ ಮುಂಚೆ ಒಬ್ಬ ವಕೀಲರಿಗೆ ತೋರಿಸಿ. ಯಾಕೆ ಅಂದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಯಾರಾದರೂ ಹಣ ಕೊಟ್ಟು ಹೇಳಿ ಮಾಡಿಸಿದ ಚಿತ್ರದ ಮೊದಲ ಹಕ್ಕು ಮಾಡಿಸಿದವರದು. ಬೇರೆ ಒಪ್ಪಂದ ಇದ್ದರೆ ಮಾತ್ರ ಬೇರೆ. ಅಂದರೆ ಕರಾರು ಸುಮ್ಮನಿದ್ದರೂ ಹಕ್ಕು ನಿಮ್ಮ ಕೈಯಲ್ಲಿ ಇರುವುದಿಲ್ಲ. ಚಿತ್ರದ ಹಕ್ಕು ಬಿಡುಗಡೆಯಾದ ಮೇಲೆ 60 ವರ್ಷ ಇರುತ್ತದೆ. ನಿಮ್ಮ ಮಕ್ಕಳ ಕಾಲದವರೆಗೂ ಹೋಗುವ ಆಸ್ತಿ ಅದು.

ಮುಗಿದ ಚಿತ್ರವನ್ನು ಕೊಡಿ, ಪರವಾಗಿಲ್ಲ. ಆದರೆ ಕಚ್ಚಾ ಫುಟೇಜ್, ಅಂದರೆ ಎಡಿಟ್ ಮಾಡದ ಪೂರ್ತಿ ಶೂಟಿಂಗ್, ನಿಮ್ಮಲ್ಲೇ ಉಳಿಯಬೇಕು. ಚಿತ್ರೋತ್ಸವಕ್ಕೆ, ಶಾಲೆ ಕಾಲೇಜುಗಳಿಗೆ ತೋರಿಸುವ ಹಕ್ಕು ಬೇಕು. ಭಾಗವಹಿಸಿದವರಿಗೆ ಪ್ರತಿ ಕೊಡುವ ಹಕ್ಕು ಬೇಕು. ಈ ಮೂರನ್ನೂ ಬರೆಸಿಕೊಳ್ಳಿ. ಕೊನೆಯದನ್ನು ನಾನು ಜೋರಾಗಿಯೇ ಹೇಳುತ್ತೇನೆ. ಸಣ್ಣಾಟದ (ನಮ್ಮ ಕಡೆಯ ಜನಪದ ನಾಟಕ) ಹಿರಿಯ ಕಲಾವಿದರೊಬ್ಬರು ನಮಗಾಗಿ ಒಂದು ಇಡೀ ರಾತ್ರಿ ಹಾಡಿದ್ದರು. ಚಿತ್ರದಲ್ಲಿ ಬಳಕೆಯಾದದ್ದು ಐದೇ ನಿಮಿಷ. ಉಳಿದದ್ದೆಲ್ಲ ಕರಾರಿನಂತೆ ಚಾನೆಲ್ಲಿಗೆ ಹೋಯಿತು. ಅವರು ತೀರಿಕೊಂಡ ಮೇಲೆ ಮಗಳು ಅಪ್ಪನ ದನಿ ಕೇಳಿಕೊಂಡು ಬಂದರು. ಆ ಚಾನೆಲ್ಲಿಗೆ ಪತ್ರ ಬರೆದೆ, ಫೋನ್ ಮಾಡಿದೆ, ಖುದ್ದಾಗಿ ಹೋದೆ. ಇವತ್ತಿಗೂ ಸಿಕ್ಕಿಲ್ಲ. ಹಾಗಾಗಿ ಈಗ ಯಾರ ಜೊತೆ ಮಾತಿಗೆ ಕೂತರೂ ದುಡ್ಡಿನ ಮಾತಿಗಿಂತ ಮೊದಲು ಫುಟೇಜಿನ ಮಾತು ಆಡುತ್ತೇನೆ. ನೀವೂ ಹಾಗೇ ಮಾಡಿ. ಒಪ್ಪದಿದ್ದರೆ ಬಿಟ್ಟುಬನ್ನಿ.

*ಅರ್ಧ ಗಂಟೆಯ ಚಿತ್ರಕ್ಕೆ ಗಂಟೆಗಟ್ಟಲೆ ಶೂಟ್ ಮಾಡುತ್ತಾರಂತೆ. ಅಷ್ಟನ್ನೂ ಹೇಗೆ ನಿಭಾಯಿಸುತ್ತೀರಿ?*
— ನಿವೃತ್ತ ಶಿಕ್ಷಕ, ಶಿರಸಿ

ನಮಸ್ಕಾರ ಮೇಷ್ಟ್ರೇ. ಜಾಹೀರಾತಿನ ಜಾಗ ಬಿಟ್ಟರೆ ಅರ್ಧ ಗಂಟೆಯ ಸ್ಲಾಟಿಗೆ 22ರಿಂದ 26 ನಿಮಿಷದ ಚಿತ್ರ ಸಾಕು. ಶೂಟ್ ಮಾಡುವುದು ಅದರ ಎಷ್ಟೋ ಪಟ್ಟು. ನಾನು ಮೊದಲು ಪೇಪರಿನ ಮೇಲೆ ಎಡಿಟ್ ಮಾಡುತ್ತೇನೆ. ಎಲ್ಲ ಮಾತನ್ನೂ ಟೈಮ್‌ಕೋಡ್ (ವಿಡಿಯೋದಲ್ಲಿ ಆ ಮಾತು ಬರುವ ಗಂಟೆ, ನಿಮಿಷ, ಸೆಕೆಂಡು) ಸಮೇತ, ಆಡಿದ ಹಾಗೆಯೇ ಬರೆಸುತ್ತೇನೆ. ‘ಹೋಗೇನ್ರಿ’ ಅಂದದ್ದನ್ನು ‘ಹೋಗಿದ್ದೇನೆ’ ಅಂತ ತಿದ್ದುವಂತಿಲ್ಲ. ಪ್ರಿಂಟ್ ತೆಗೆದು, ಕತ್ತರಿಯಲ್ಲಿ ಕತ್ತರಿಸಿ, ನೆಲದ ಮೇಲೆ ಹರಡಿ ಜೋಡಿಸುತ್ತೇನೆ. ಕಂಪ್ಯೂಟರ್ ಆಮೇಲೆ.

ಕಾಪಾಡುವುದಕ್ಕೂ ಖರ್ಚಿದೆ. ಸೆಕೆಂಡಿಗೆ 100 ಮೆಗಾಬಿಟ್ ಲೆಕ್ಕದಲ್ಲಿ ರೆಕಾರ್ಡ್ ಮಾಡಿದರೆ ಒಂದು ಗಂಟೆಗೆ 45 ಜಿಬಿ. ಎರಡು ಹಾರ್ಡ್ ಡಿಸ್ಕಿನಲ್ಲಿ ಎರಡು ಪ್ರತಿ, ಒಂದು ಆಫೀಸಿನಲ್ಲಿ, ಇನ್ನೊಂದು ಬೇರೆಯವರ ಮನೆಯಲ್ಲಿ. ಎರಡೂ ಕಡೆ ಕಾಪಿ ಆಗಿ, ತೆರೆದು ನೋಡುವ ತನಕ ಕ್ಯಾಮೆರಾದ ಮೆಮೊರಿ ಕಾರ್ಡ್ ಅಳಿಸಬಾರದು ಅನ್ನುವುದು ನಮ್ಮಲ್ಲಿ ಕಟ್ಟುನಿಟ್ಟು.

*ಇದರಿಂದ ಹೊಟ್ಟೆ ತುಂಬುತ್ತದಾ? ದುಡ್ಡು ಎಲ್ಲಿಂದ, ತೋರಿಸುವುದು ಎಲ್ಲಿ?*
— ಮಂಗಳೂರು

ಸಾಕ್ಷ್ಯಚಿತ್ರ ಒಂದರಿಂದಲೇ ತುಂಬುವುದಿಲ್ಲ. ವರ್ಷದ ಅರ್ಧ ಭಾಗ ನಾವು ಸಂಘ ಸಂಸ್ಥೆಗಳಿಗೆ, ಶಾಲೆಗಳಿಗೆ, ಸಹಕಾರಿ ಬ್ಯಾಂಕುಗಳಿಗೆ ಚಿತ್ರ ಮಾಡಿಕೊಡುತ್ತೇವೆ. ಅದರ ಲಾಭ ಇದಕ್ಕೆ. ಕಲೆಯ ಕೆಲಸಗಳಿಗೆ ಅನುದಾನ ಕೊಡುವ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್‌ಗೆ ಕನ್ನಡದಲ್ಲೇ ಅರ್ಜಿ ಬರೆಯಬಹುದು, ಇದು ಎಷ್ಟೋ ಜನರಿಗೆ ಗೊತ್ತಿಲ್ಲ. 2000ದಲ್ಲಿ ಶುರುವಾದ ದೆಹಲಿಯ ಪಬ್ಲಿಕ್ ಸರ್ವಿಸ್ ಬ್ರಾಡ್‌ಕಾಸ್ಟಿಂಗ್ ಟ್ರಸ್ಟ್ ದೂರದರ್ಶನದ ಜೊತೆ ಸೇರಿ ಸ್ವತಂತ್ರ ನಿರ್ದೇಶಕರಿಂದ ಬಹಳ ಚಿತ್ರ ಮಾಡಿಸಿತು. ಅಂಥ ಕೆಲಸ ಕನ್ನಡದ ಚಾನೆಲ್ಲುಗಳಲ್ಲೂ ಆಗಬೇಕು. ವಾರಕ್ಕೆ ಅರ್ಧ ಗಂಟೆ ಬಿಟ್ಟುಕೊಡಲು ಆಗದಷ್ಟು ಕಷ್ಟ ಯಾವ ಚಾನೆಲ್ಲಿಗೂ ಇಲ್ಲ. ತೋರಿಸಲು ಮುಂಬೈ ಅಂತರರಾಷ್ಟ್ರೀಯ ಚಿತ್ರೋತ್ಸವ ಇದೆ, ತಿರುವನಂತಪುರದಲ್ಲಿ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರಗಳ ಉತ್ಸವ ಇದೆ. ಇವಕ್ಕೆಲ್ಲ ಕಳಿಸಿ. ಅದಕ್ಕೂ ಮೊದಲು ಶೂಟ್ ಮಾಡಿದ ಊರಿನಲ್ಲೇ, ಗುಡಿಯ ಮುಂದೆ ಬಿಳಿ ಪರದೆ ಕಟ್ಟಿ ತೋರಿಸಿ.

*ಬಂಡೀಪುರದ ಆನೆಗಳ ಬಗ್ಗೆ ಚಿತ್ರ ಮಾಡಬೇಕು. ಡ್ರೋನ್ ಇದೆ. ಹಾಗೇ ಹೋಗಬಹುದಾ?*
— ಮೈಸೂರು

ಬೇಡವೇ ಬೇಡ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಅರ್ಜಿಯಲ್ಲಿ ಸ್ಕ್ರಿಪ್ಟ್, ತಂಡದವರ ಹೆಸರು, ಸಲಕರಣೆಗಳ ಪಟ್ಟಿ ಕೊಡಿ. ಉತ್ತರ ಬರಲು ಸಮಯ ಹಿಡಿಯುತ್ತದೆ, ಮಳೆಗಾಲದಲ್ಲೇ ಅರ್ಜಿ ಹಾಕಿ. ಡ್ರೋನಿಗೆ 2021ರ ನಿಯಮಗಳು ಬೇರೆ ಇವೆ. ಅನುಮತಿ ಸಿಗುವುದಿದ್ದರೂ ಆನೆ ಹಿಂಡಿನ ಮೇಲೆ ಡ್ರೋನ್ ಹಾರಿಸಬೇಡಿ. ಆ ಸದ್ದಿಗೆ ಮರಿ ಇರುವ ಹಿಂಡು ದಿಕ್ಕೆಟ್ಟು ಓಡುತ್ತದೆ. ಕಾಡಂಚಿನ ಊರುಗಳಲ್ಲಿ ರಾತ್ರಿ ಅಟ್ಟಣೆ ಮೇಲೆ ಕೂತು ಬೆಳೆ ಕಾಯುವ ರೈತರಿದ್ದಾರೆ. ಅನುಮತಿ ಬರುವ ತನಕ ಅವರ ಜೊತೆ ಕೂತು ಶೂಟ್ ಶುರುಮಾಡಿ. ಆನೆಯ ಬಗ್ಗೆ ಅವರಿಗೆ ಗೊತ್ತಿರುವಷ್ಟು ಡ್ರೋನಿಗೆ ಕಾಣುವುದಿಲ್ಲ.